ಪೇಢಿಯ ಓಟಿಪಿ ಯಾರ ಕೈಯಲ್ಲಿ?

ಇ-ವೇ ಬಿಲ್ ಜಾಲತಾಣದಲ್ಲಿ ದ್ವಿಹಂತದ ದೃಢೀಕರಣವು 2023ರ ಆಗಸ್ಟ್ ತಿಂಗಳಲ್ಲಿ 100 ಕೋಟಿ ರೂಪಾಯಿ ಮೀರಿದ ವಾರ್ಷಿಕ ವಹಿವಾಟುಳ್ಳವರಿಗೆ ಕಡ್ಡಾಯವಾಯಿತು. 2025ರ ಜನವರಿ 1ರಿಂದ 20 ಕೋಟಿ, ಫೆಬ್ರವರಿ 1ರಿಂದ 5 ಕೋಟಿ ಮೀರಿದವರಿಗೆ ವಿಸ್ತರಿಸಿ, ಏಪ್ರಿಲ್ 1ರಿಂದ ಎಲ್ಲ ಬಳಕೆದಾರರಿಗೂ ಅನ್ವಯಿಸಲಾಯಿತು. ಅಂದಿನಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಪೇಢಿಗಳಲ್ಲಿ ಹೊಸದೊಂದು ರೂಢಿ ಬೇರೂರಿದೆ. ದಿವಾಣಜಿಯವರು ಗಣಕಯಂತ್ರದ ಮುಂದೆ, ಮಾಲೀಕರು ಮದುವೆಯ ಮಂಟಪದಲ್ಲಿ. "ಸಾವ್ಕಾರ್ರ, ಓಟಿಪಿ ಬಂದೈತಿ ನೋಡ್ರಿ, ಹೇಳ್ರಿ" ಎಂಬ ಕರೆ ಬಂದೊಡನೆ ಆರು ಅಂಕಿಗಳು ಫೋನಿನಲ್ಲಿ ಹರಿದು ಹೋಗುತ್ತವೆ. ಕೆಲವೆಡೆ ಇದಕ್ಕೆಂದೇ ವಾಟ್ಸಾಪ್ ಗುಂಪುಗಳೂ ಹುಟ್ಟಿಕೊಂಡಿವೆ.

ಓಟಿಪಿಯನ್ನು ಯಾರಿಗೂ ಹೇಳಬಾರದೆಂಬ ಉಪದೇಶ ಸುಲಭ. ಆದರೆ ಅಂಥ ಉಪದೇಶಕರು ಗಡಿಭಾಗದ ವ್ಯಾಪಾರವನ್ನು ಬಲ್ಲವರಲ್ಲ. ರಾಜ್ಯದೊಳಗೆ ಸಾಗಣೆದಾರನ ಸ್ಥಳದವರೆಗೆ 50 ಕಿಲೋಮೀಟರಿನೊಳಗಿನ ದೂರಕ್ಕೆ ವಾಹನದ ವಿವರ ತುಂಬುವುದರಿಂದ ವಿನಾಯಿತಿ ಉಂಟು. ನಿಪ್ಪಾಣಿಯಿಂದ ಕೊಲ್ಲಾಪುರವಾಗಲಿ, ಕಾಗವಾಡದಿಂದ ಮಿರಜವಾಗಲಿ ಹತ್ತಿರವೇ ಆದರೂ ನಡುವೆ ರಾಜ್ಯದ ಗಡಿ ಇರುವುದರಿಂದ ಆ ವಿನಾಯಿತಿ ದೊರೆಯದು. ಜಾಬ್ ವರ್ಕ್‌ಗಾಗಿ ಗಡಿಯಾಚೆ ಸರಕು ಕಳಿಸಿದರಂತೂ 50,000 ರೂಪಾಯಿಯ ಮಿತಿಯೂ ಅನ್ವಯಿಸುವುದಿಲ್ಲ. ಸಣ್ಣ ಗಂಟಿಗೂ ಇ-ವೇ ಬಿಲ್ ಬೇಕು. ಸಕ್ಕರೆಯೋ ತಂಬಾಕೋ ಚಪ್ಪಲಿಯೋ, ಲೋಡಾಗುವುದು ರಾತ್ರಿ ಹತ್ತಕ್ಕೆ. ದಾಖಲೆಯಿಲ್ಲದೆ ಹೊರಟ ಸರಕು ತಡೆಯಲ್ಪಟ್ಟರೆ, 2022ರ ಜನವರಿಯಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ತೆರಿಗೆಯ ಇಮ್ಮಡಿ ದಂಡ. ಆದ್ದರಿಂದ ಮಾಲೀಕರೊಬ್ಬರೇ ಈ ಕಾರ್ಯ ನಿರ್ವಹಿಸಲು ಅಸಾಧ್ಯ. ಕೆಲಸವನ್ನು ಹಂಚಲೇಬೇಕು.

ಹಂಚಬೇಕಾದುದು ಅಧಿಕಾರವನ್ನೇ ಹೊರತು ಓಟಿಪಿಯನ್ನಲ್ಲ. ಇದಕ್ಕೆ ಬೇಕಾದ ವ್ಯವಸ್ಥೆ ಅದೇ ಜಾಲತಾಣದಲ್ಲಿದೆ. ಮಾಲೀಕರು ತಮ್ಮ ಖಾತೆಯಿಂದ ಉಪಬಳಕೆದಾರರನ್ನು ಸೃಷ್ಟಿಸಿ, ಬಿಲ್ ತಯಾರಿಕೆ, ತಿರಸ್ಕರಣೆ, ವರದಿ ಇವುಗಳಲ್ಲಿ ಯಾವುದು ಯಾರಿಗೆಂದು ಗೊತ್ತುಪಡಿಸಬಹುದು. ಉಪಬಳಕೆದಾರರಿಗೆ ತಮ್ಮದೇ ಗುಪ್ತಪದ. ಓಟಿಪಿ ಬರುವುದೂ ಅವರು ನೋಂದಾಯಿಸಿದ ಮೊಬೈಲ್‌ಗೇ. ಮಾಲೀಕರ ನಿದ್ದೆ ಕೆಡಿಸುವ ಪ್ರಮೇಯವಿಲ್ಲ. ದಿವಾಣಜಿಯವರು ಕೆಲಸ ಬಿಟ್ಟ ದಿನವೇ ಆ ಖಾತೆಯನ್ನು ಸ್ಥಗಿತಗೊಳಿಸಿದರಾಯಿತು. ಸಂಕೇತ ದುರ್ಬಲವಾದ ಗೋದಾಮುಗಳಲ್ಲಿ ಎಸ್‌ಎಂಎಸ್‌ಗೆ ಕಾಯುವ ಬದಲು ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಎಂಬ ಆ್ಯಪ್ ಬಳಸಬಹುದು. ಅದು ಅಂತರ್ಜಾಲ ಸಂಪರ್ಕವಿಲ್ಲದೆಯೇ 30 ಸೆಕೆಂಡಿಗೊಮ್ಮೆ ಹೊಸ ಓಟಿಪಿ ನೀಡುತ್ತದೆ. ಇಷ್ಟಿದ್ದರೂ ಉಪಬಳಕೆದಾರರನ್ನು ನೇಮಿಸಿಕೊಂಡ ಸಣ್ಣ ಪೇಢಿಗಳು ಕಾಣಸಿಗುವುದು ಅಪರೂಪ. ಕೀರ್ದಿಯಲ್ಲಿ ಯಾರ ಹಸ್ತಾಕ್ಷರವೆಂದು ತಕ್ಷಣ ಗುರುತಿಸುವ ವರ್ತಕರೇ, ತಮ್ಮ ಹೆಸರಿನಲ್ಲಿ ಯಾರು ಇ-ವೇ ಬಿಲ್ ತೆಗೆದರೆಂದು ಹೇಳಲಾರದ ಸ್ಥಿತಿಯಲ್ಲಿರುವುದು ಸೋಜಿಗವೇ ಸರಿ. ಒಬ್ಬರೇ ಬಳಕೆದಾರರಿರುವಲ್ಲಿ ಸುಳ್ಳು ಬಿಲ್ಲೊಂದು ಹೊರಟರೂ ದಾಖಲೆ ಮಾಲೀಕರತ್ತಲೇ ಬೊಟ್ಟು ಮಾಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಇ-ವೇ ಬಿಲ್ ಓಟಿಪಿ ಬರುವ ಫೋನಿಗೇ ಬ್ಯಾಂಕಿನ ಓಟಿಪಿಯೂ ಬರುತ್ತದೆ. ದಿನಕ್ಕೆ ಹತ್ತು ಬಾರಿ ಅಂಕಿಗಳನ್ನು ಓದಿ ಹೇಳುವ ಅಭ್ಯಾಸವಾದ ನಾಲಿಗೆ, ಹನ್ನೊಂದನೆಯ ಬಾರಿ ಸಂದೇಶ ಯಾವುದೆಂದು ನೋಡುವುದಿಲ್ಲ. ಗ್ರಾಹಕರ ಅಜಾಗರೂಕತೆಯಿಂದ, ಅಂದರೆ ಗುಪ್ತ ವಿವರ ತಿಳಿಸಿದ್ದರಿಂದ ಹಣ ಹೋದರೆ, ಬ್ಯಾಂಕಿಗೆ ವರದಿ ಮಾಡುವವರೆಗಿನ ಇಡೀ ನಷ್ಟ ಗ್ರಾಹಕರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಸ್ಪಷ್ಟಪಡಿಸಿತ್ತು. ಚಾಲ್ತಿ ಖಾತೆಯ ನೆಟ್ ಬ್ಯಾಂಕಿಂಗ್‌ನಲ್ಲಿ ಪಾವತಿ ದಾಖಲಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು ಎಂಬ ಏರ್ಪಾಡಿಗೆ ಬ್ಯಾಂಕನ್ನು ಕೇಳಿಕೊಳ್ಳುವುದು ಲೇಸು. ವಂಚನೆ ನಡೆದೇಹೋದರೆ ಬ್ಯಾಂಕಿನೊಡನೆ 1930 ಸಹಾಯವಾಣಿಗೂ ಕೂಡಲೇ ತಿಳಿಸಬೇಕು.

ತೆರಿಗೆ ಸಲಹೆಗಾರರ ಹಾಗೂ ಲೆಕ್ಕಪರಿಶೋಧಕರ ಕಚೇರಿಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಕಕ್ಷಿದಾರರ ಡಿಜಿಟಲ್ ಸಹಿಯ ಟೋಕನ್‌ಗಳು, ಪಿನ್ ಬರೆದ ಚೀಟಿಯ ಸಮೇತ, ಒಂದೇ ಡಬ್ಬಿಯಲ್ಲಿ ಬಿದ್ದಿರುವುದುಂಟು. ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 42ನೆಯ ಕಲಮು ಖಾಸಗಿ ಕೀಲಿಯನ್ನು ಸ್ವಾಧೀನದಲ್ಲಿಟ್ಟುಕೊಳ್ಳುವ ಹೊಣೆಯನ್ನು ಹೊರಿಸಿರುವುದು ಸಹಿಯ ಒಡೆಯರ ಮೇಲೆ. ಡಬ್ಬಿಯ ಒಡೆಯರ ಮೇಲಲ್ಲ.

ಜಿಎಸ್‌ಟಿ ನೋಂದಣಿಯಲ್ಲಿ ಇರುವ ಮೊಬೈಲ್ ಸಂಖ್ಯೆ ಯಾರದೆಂಬುದನ್ನೂ ಪ್ರತಿ ಪೇಢಿ ಪರೀಕ್ಷಿಸಬೇಕು. ನೋಂದಣಿ ಮಾಡಿಸಿದ ಮಧ್ಯವರ್ತಿಗಳು ತಮ್ಮದೇ ಸಂಖ್ಯೆ ಕೊಟ್ಟು, ಈಗ ಗುಪ್ತ ವಿವರ ನೀಡುತ್ತಿಲ್ಲವೆಂಬ ದೂರುಗಳು ಬಂದುದರಿಂದ, 2018ರಲ್ಲಿ ಸರಕಾರವೇ ಪರಿಹಾರ ಕಲ್ಪಿಸಿತು: ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ದಾಖಲೆ ತೋರಿಸಿ ಸಂಖ್ಯೆ ಬದಲಿಸಿಕೊಳ್ಳಬಹುದು. ಕೆಲಸ ಬಿಟ್ಟ ನೌಕರರ ಸಂಖ್ಯೆಯಾಗಿದ್ದರೆ ಇನ್ನೂ ತುರ್ತು. ರದ್ದಾದ ಸಂಖ್ಯೆ 90 ದಿನಗಳ ತರುವಾಯ ಅಪರಿಚಿತರ ಪಾಲಾಗಬಹುದು. ಈ ತಪಾಸಣೆಯನ್ನು ತಿಂಗಳ ಮೊದಲ ವಾರದಲ್ಲೇ ಮುಗಿಸಬೇಕು. 20ನೆಯ ತಾರೀಖಿನ ಸಂಜೆ ವಿವರಪಟ್ಟಿ ಸಲ್ಲಿಸಲು ಕುಳಿತಾಗ ಓಟಿಪಿ ಯಾರ ಫೋನಿಗೆ ಹೋಯಿತೆಂದು ಹುಡುಕುತ್ತ ಹೊರಟರೆ ವಿಳಂಬ ಶುಲ್ಕವೇ ಗತಿ.