ಎರಡು ಗುಳಿಗೆ, ಒಂದು ಚೀಟಿ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ರೈಲುದಾರಿಯ ಮೇಲಿರುವ ಊರುಗಳು. ಕಡೂರಿನವರಿಗೆ ಚಿಕ್ಕಮಗಳೂರು ಹತ್ತಿರ; ತರೀಕೆರೆಯವರಿಗೆ ಶಿವಮೊಗ್ಗ. ಅಜ್ಜಂಪುರದಲ್ಲಿ ರೈಲು ಹತ್ತಿದವರು ಒಂದು ಕಡೆಗೆ ದಾವಣಗೆರೆಯನ್ನೂ ಇನ್ನೊಂದು ಕಡೆಗೆ ಬೆಂಗಳೂರನ್ನೂ ಸೇರಬಹುದು. ದೊಡ್ಡ ವೈದ್ಯರನ್ನು ಕಾಣಲು ಇಷ್ಟೊಂದು ದಾರಿಗಳಿರುವುದು ಭಾಗ್ಯವೇ ಸರಿ. ಆದರೆ ಅಪಸ್ಮಾರದ ವಿಷಯದಲ್ಲಿ ಈ ಭಾಗ್ಯವೇ ತೊಡಕಾಗುವುದುಂಟು. ಒಂದು ಊರಿನ ಚೀಟಿ ಮತ್ತೊಂದು ಊರಿನ ವೈದ್ಯರ ಕಣ್ಣಿಗೆ ಬೀಳದೆ ಹೋಗುತ್ತದೆ.

ಇದಕ್ಕೆ ಕಾರಣ ದೂರವೊಂದೇ ಅಲ್ಲ. ಮೂರ್ಛೆರೋಗವೆಂದೊಡನೆ ನಮ್ಮ ಮನೆಗಳಲ್ಲಿ ದನಿ ತಗ್ಗುತ್ತದೆ. ಮದುವೆಗೆ ಬೆಳೆದ ಮಗಳಿದ್ದರಂತೂ ಹೇಳುವುದೇ ಬೇಡ. ಪರಿಚಯದವರ ಕಣ್ಣು ತಪ್ಪಿಸಿ ದೂರದ ಊರಿನ ವೈದ್ಯರಲ್ಲಿಗೆ ಹೋಗುತ್ತಾರೆ. ಮೊದಲಿನ ಔಷಧದ ಮಾತನ್ನು ಅಲ್ಲಿ ಎತ್ತುವುದಿಲ್ಲ. ಮನೆಗೆ ಬಂದ ಮೇಲೆ ಹಳೆಯ ಗುಳಿಗೆಯೊಂದು, ಹೊಸ ಗುಳಿಗೆಯೊಂದು ಕಣ್ಣೆದುರಿಗೆ ನಿಲ್ಲುತ್ತವೆ. ಆಗ ತಾಯಿಗೆ ಹೊಳೆಯುವ ಪ್ರಶ್ನೆ ಇದು: ಎರಡನ್ನೂ ಒಟ್ಟಿಗೆ ಕೊಡಬಹುದೆ?

ಒಬ್ಬ ವೈದ್ಯರು ಎರಡನ್ನೂ ತಿಳಿದು ಸೇರಿಸಿದ್ದರೆ ಧಾರಾಳವಾಗಿ ಕೊಡಬಹುದು. ಅಪಸ್ಮಾರಕ್ಕೆ ಮೊದಲು ಒಂದೇ ಔಷಧವನ್ನು ಕೊಡುವುದು ವಾಡಿಕೆ. ಸುಮಾರು ಅರ್ಧದಷ್ಟು ರೋಗಿಗಳಿಗೆ ಅದರಿಂದಲೇ ಸೆಳವು ನಿಲ್ಲುತ್ತದೆ. ಉಳಿದವರಿಗೆ ಔಷಧವನ್ನು ಬದಲಿಸಬೇಕಾಗುತ್ತದೆ, ಇಲ್ಲವೆ ಎರಡನ್ನು ಜೊತೆಗೂಡಿಸಬೇಕಾಗುತ್ತದೆ. ಇದು ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ನರರೋಗತಜ್ಞರಾಗಿದ್ದ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಔಷಧಗಳನ್ನು ಬಿಡಿಯಾಗಿಯೂ, ಬೇಕಾದವರಿಗೆ ಜೊತೆಯಾಗಿಯೂ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಆ ವರದಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳ್ಳಿಯ ಮನೆಯಲ್ಲೇ ಈ ರೋಗವನ್ನು ಹತೋಟಿಗೆ ತರಬಹುದೆಂಬುದು ಅದರ ಸಾರ.

ಹಾಗಾದರೆ ಅಪಾಯವೆಲ್ಲಿ? ಹೊಟ್ಟೆ ಸೇರಿದ ಎರಡು ಔಷಧಗಳು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರಬಹುದು. ಇಂಥ ಔಷಧಗಳಲ್ಲಿ ಹಲವನ್ನು ಕರಗಿಸಿ ಹೊರಹಾಕುವುದು ಯಕೃತ್ತು. ವ್ಯಾಲ್ಪ್ರೋಯೇಟ್ ಎಂಬ ಔಷಧ ಆ ಕೆಲಸವನ್ನು ನಿಧಾನಗೊಳಿಸುತ್ತದೆ. ಅದರ ಜೊತೆಗೆ ಲಾಮೋಟ್ರಿಜಿನ್ ಕೊಟ್ಟರೆ ಲಾಮೋಟ್ರಿಜಿನ್ ರಕ್ತದಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಮೈಮೇಲೆ ಗಂದೆಯೆದ್ದು ಪ್ರಾಣಕ್ಕೇ ಎರವಾಗಬಹುದು. ಇದನ್ನು ಬಲ್ಲ ವೈದ್ಯರು ಬಹಳ ಸಣ್ಣ ಪ್ರಮಾಣದಿಂದ ಆರಂಭಿಸಿ ವಾರಗಳ ಮೇಲೆ ಏರಿಸುತ್ತಾರೆ. ಕಾರ್ಬಮಜೆಪಿನ್, ಫೆನಿಟಾಯಿನ್‌ಗಳದು ಇದಕ್ಕೆ ವಿರುದ್ಧವಾದ ಗುಣ. ಜೊತೆಯ ಔಷಧವನ್ನು ಬೇಗ ಕರಗಿಸಿ ಅದರ ಬಲವನ್ನು ತಗ್ಗಿಸುತ್ತವೆ. ಲೆವೆಟಿರಾಸಿಟಾಮ್ ಬಹುಪಾಲು ಮೂತ್ರದ ಮೂಲಕ ಹೊರಹೋಗುವುದರಿಂದ ಅದಕ್ಕೆ ಇಂಥ ತಂಟೆ ಕಡಮೆ.

ಇನ್ನೊಂದು ಮೋಸ ಹೆಸರಿನದು. ಎಪ್ಟಾಯಿನ್, ಡೈಲಾಂಟಿನ್ ಎಂದು ಹೆಸರು ಎರಡಾದರೂ ಒಳಗಿರುವುದು ಫೆನಿಟಾಯಿನ್ ಒಂದೇ. ಎರಡು ಊರಿನ ಎರಡು ಚೀಟಿಗಳಿಂದ ಇವೆರಡೂ ಮನೆಗೆ ಬಂದರೆ ನುಂಗುವುದು ಒಂದೇ ಔಷಧದ ಇಮ್ಮಡಿ. ಫೆನಿಟಾಯಿನ್ ಪ್ರಮಾಣ ಸ್ವಲ್ಪ ಹೆಚ್ಚಿದರೂ ರಕ್ತದಲ್ಲಿ ಅದು ಬಹಳವಾಗಿ ಏರಬಲ್ಲುದು. ಆಗ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ಕಂಡವರು ಕುಡಿದಿದ್ದಾನೆಂದುಕೊಳ್ಳುತ್ತಾರೆ, ಮನೆಯವರು ರೋಗ ಹೆಚ್ಚಿತೆಂದುಕೊಳ್ಳುತ್ತಾರೆ.

ಇಷ್ಟನ್ನು ಓದಿ ಗಾಬರಿಯಿಂದ ಒಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿಬಿಡುವವರೂ ಉಂಟು. ಇದು ಎಲ್ಲಕ್ಕಿಂತ ದೊಡ್ಡ ಅಪಾಯ. ಔಷಧ ಥಟ್ಟನೆ ನಿಂತರೆ ಸೆಳವು ಬಿಡುವಿಲ್ಲದೆ ಬರಬಹುದು. ಸೆಳವು ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಮೈಮೇಲೆ ಗಂದೆ, ಜ್ವರ, ಬಾಯಿಹುಣ್ಣು ಕಾಣಿಸಿದರೆ ಅಂದೇ ವೈದ್ಯರನ್ನು ಕಾಣತಕ್ಕದ್ದು. ವಿಪರೀತ ಮಂಪರು, ಒಂದು ವಸ್ತು ಎರಡಾಗಿ ಕಾಣುವುದು, ತೂರಾಟ ಇವುಗಳನ್ನೂ ಕೂಡಲೇ ತಿಳಿಸಬೇಕು.

ಮದುವೆಯಾಗುವ ಹೆಣ್ಣುಮಕ್ಕಳ ವಿಷಯದಲ್ಲಿ ಮುಚ್ಚುಮರೆ ಇನ್ನೂ ಕೇಡು. ಅತ್ತೆಯ ಮನೆಯಲ್ಲಿ ಗುಳಿಗೆಯನ್ನು ಬಚ್ಚಿಡಬೇಕಾದ ಹುಡುಗಿ ಒಂದು ದಿನ ನುಂಗುತ್ತಾಳೆ, ಎರಡು ದಿನ ಬಿಡುತ್ತಾಳೆ. ವ್ಯಾಲ್ಪ್ರೋಯೇಟ್ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲುದು. ಆದಕಾರಣ ಅದನ್ನು ಬದಲಿಸುವುದಿದ್ದರೆ ಬಸಿರಾಗುವ ಮೊದಲೇ ವೈದ್ಯರು ಯೋಚಿಸಬೇಕಾಗುತ್ತದೆ. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್‌ಗಳು ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಂದಿಸುತ್ತವೆ. ಹೇಳಿಕೊಳ್ಳಲಾರದವಳಿಗೆ ಈ ಎಚ್ಚರಿಕೆಯನ್ನು ಹೇಳುವವರಾರು? ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯಾಗಿ ನಿಂತಿದ್ದ ಅಪಸ್ಮಾರದ ಹೆಸರನ್ನು 1999ರಲ್ಲಿ ತೆಗೆದುಹಾಕಿದ್ದಾಯಿತು. ಕಾಯಿದೆ ಬಿಟ್ಟ ಹಟವನ್ನು ನಾವೂ ಬಿಡುವುದು ಒಳಿತು.

ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಒಂದು ಪುಟ್ಟ ಪುಸ್ತಕದಲ್ಲಿ ಪ್ರತಿಯೊಂದು ಗುಳಿಗೆಯ ಒಳಹೆಸರು, ಪ್ರಮಾಣ, ವೇಳೆ, ಸೆಳವು ಬಂದ ದಿನಗಳನ್ನು ಬರೆದಿಡಿ. ಕ್ಷಯಕ್ಕೋ ರಕ್ತದೊತ್ತಡಕ್ಕೋ ಬೇರೆ ಔಷಧವಿದ್ದರೆ ಅದನ್ನೂ ಸೇರಿಸಿ. ಯಾವ ಊರಿನ ವೈದ್ಯರಲ್ಲಿಗೆ ಹೋದರೂ ಆ ಪುಸ್ತಕವೂ ಗುಳಿಗೆಗಳ ಪಟ್ಟಿಗಳೂ ಕೈಚೀಲದಲ್ಲಿರಲಿ. ಅವರು ಕೇಳುವ ಮೊದಲೇ ಮೇಜಿನ ಮೇಲಿಡಿ. ಚೀಟಿ ಬರೆಯುವ ವೈದ್ಯರಿಗೆ ಎರಡೂ ಗುಳಿಗೆಗಳ ವಿಷಯ ತಿಳಿದಿರಬೇಕು; ಎರಡೂ ಒಂದೇ ಚೀಟಿಯಲ್ಲಿರಬೇಕು.