ಬೋರ್ಡು ಸಾಕು, ಆಪ್ತಸಮಾಲೋಚಕರನ್ನು ಕೊಡಿ

ಮನೋವಿಜ್ಞಾನ ಕಲಿಸುವ ಸಹೋದ್ಯೋಗಿಗಳೇ, ನಮ್ಮ ವಿಭಾಗದ ಬಾಗಿಲ ಮೇಲೆ ‘ಆಪ್ತಸಮಾಲೋಚನಾ ಕೇಂದ್ರ’ ಎಂದು ಬರೆದು, ಕೆಳಗೆ ನಮ್ಮದೇ ಹೆಸರು ಹಾಕಿರುವ ಬೋರ್ಡನ್ನು ಇಳಿಸೋಣ. ಎಷ್ಟೋ ಕಾಲೇಜುಗಳಲ್ಲಿ ಅದು ನ್ಯಾಕ್ ತಂಡ ಬರುವ ಮುನ್ನ ಅವಸರದಲ್ಲಿ ಹಾಕಿದ ಬೋರ್ಡು. ಅದರ ಫೋಟೊ ಕಡತ ಸೇರಿತು, ವರದಿಯ ಒಂದು ಕಾಲಂ ತುಂಬಿತು. ಅದನ್ನೇ ನಂಬಿ ಬಾಗಿಲು ತಟ್ಟಿದ ಮಕ್ಕಳಿಗೆ ಒಳಗೆ ಸಿಗುವುದು ಯಾರು? ಎರಡು ಕ್ಲಾಸಿನ ನಡುವೆ ಉಸಿರು ತೆಗೆದುಕೊಳ್ಳುತ್ತಿರುವ, ಅವರ ಇಂಟರ್ನಲ್ಸ್ ಅಂಕ ಹಾಕಬೇಕಾದ ಅಧ್ಯಾಪಕರು.

ಪ್ರಾಕ್ಟಿಕಲ್ ಮುಗಿದ ಒಂದು ಮಧ್ಯಾಹ್ನ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ರೆಕಾರ್ಡಿಗೆ ಸಹಿ ಹಾಕಿಸಿಕೊಂಡ ಮೇಲೂ ಹೋಗದೆ ನಿಂತಳು. ಉಳಿದವರೆಲ್ಲ ಹೊರಡುವ ತನಕ ರೆಕಾರ್ಡಿನ ಬೈಂಡಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ರಾತ್ರಿ ನಿದ್ದೆ ಹತ್ತುವುದಿಲ್ಲ, ಹಾಸ್ಟೆಲಿನಲ್ಲಿ ಊಟ ಸೇರುವುದಿಲ್ಲ ಎಂದಳು. ಇನ್ನೇನೋ ಹೇಳಲು ಹೊರಟವಳು ತಡೆದು, ‘ಮ್ಯಾಮ್, ಇಂಟರ್ನಲ್ಸ್ ಹಾಕೋವಾಗ ಇದೆಲ್ಲ ನೆನಪಾಗಲ್ಲ ಅಲ್ವಾ?’ ಎಂದಳು. ಆ ಮೇಲೆ ಅವಳು ಹೇಳಲು ಬಂದದ್ದನ್ನು ಹೇಳಲೇ ಇಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದೆ; ಅಂಕದ ಭಯವಿಲ್ಲದ ಆ ಕೋಣೆಯಲ್ಲಿ ಅವಳಿಗೆ ಮಾತು ಬಂತು. ಯಾರ ಮೇಲೆ ನಮಗೆ ಅಧಿಕಾರವಿದೆಯೋ ಅವರಿಗೆ ನಾವು ಸಮಾಲೋಚಕರಾಗಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಅದನ್ನು ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೇಳುವ ನಾವೇ ನಮ್ಮ ಕೋಣೆಯಲ್ಲಿ ಮುರಿಯುವುದು ಯಾವ ನ್ಯಾಯ?

ಯೋಗ್ಯತೆಯ ಮಾತೂ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗ ಕಟ್ಟಿದ್ದು 1924ರಲ್ಲಿ. ನೂರು ವರ್ಷ ದಾಟಿದರೂ ಮನಸ್ಸಿನ ಬಗ್ಗೆ ಪಾಠ ಮಾಡುವವರು ಬೇರೆ, ನೊಂದ ಮನಸ್ಸಿಗೆ ಚಿಕಿತ್ಸೆ ಕೊಡುವವರು ಬೇರೆ ಎಂಬುದು ನಮ್ಮ ಆಡಳಿತಗಳಿಗೆ ತಿಳಿದಿಲ್ಲ. ಸ್ಮರಣಶಕ್ತಿಯ ಮೇಲೆ ಪಿಎಚ್.ಡಿ. ಮಾಡಿದವರಿಗೆ ಆತ್ಮಹತ್ಯೆಯ ಯೋಚನೆಯಲ್ಲಿರುವ ಹುಡುಗನನ್ನು ಒಪ್ಪಿಸುತ್ತಾರೆ. ನಿಮ್ಹಾನ್ಸ್‌ನಂಥ ಕಡೆ ರೋಗಿಗಳ ನಡುವೆಯೇ ಎರಡು ವರ್ಷ ಎಂ.ಫಿಲ್. ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು. ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ಆಪರೇಷನ್ ಮಾಡಿ ಎಂದು ಯಾವ ಪ್ರಾಂಶುಪಾಲರೂ ಹೇಳುವುದಿಲ್ಲ. ನಮಗೆ ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ.

ಎನ್‌ಸಿಆರ್‌ಬಿ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಹೋದ ವಿದ್ಯಾರ್ಥಿಗಳು 13,044. ದಿನಕ್ಕೆ 35ಕ್ಕೂ ಹೆಚ್ಚು ಮನೆಗಳಲ್ಲಿ ಆ ಸುದ್ದಿ ಬಂದಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕೆಂದೂ ಹೇಳಿದೆ. ಕುಲಪತಿಗಳೇ, ಪ್ರಾಂಶುಪಾಲರೇ, ಈ ಆದೇಶವನ್ನು ನಮ್ಮ ಹೆಸರಿನ ಬೋರ್ಡಿನಿಂದ ಮುಚ್ಚಬೇಡಿ. ಹುದ್ದೆ ಸೃಷ್ಟಿಸಿ, ಸಂಬಳ ಕೊಡಿ, ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಒಂದು ಕೋಣೆ ಕೊಡಿ.

ಖಾಯಂ ನೌಕರಿಯಲ್ಲಿರುವವರಿಗೆ ವಿಶೇಷವಾಗಿ ಹೇಳಬೇಕು. ಎಷ್ಟೋ ಪದವಿ ಕಾಲೇಜುಗಳಲ್ಲಿ ಮನೋವಿಜ್ಞಾನ ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ‘ಇದು ನನ್ನಿಂದಾಗದು, ತಪ್ಪಾಗುತ್ತದೆ’ ಎಂದು ಹೇಗೆ ಹೇಳಿಯಾರು? ಅವರ ಪರವಾಗಿ ನಾವು ಹೇಳಬೇಕು. ನಮ್ಮ ಮೌನದ ಬೆಲೆ ತೆರುವವರು ಅವರು, ಅವರಿಗಿಂತ ಹೆಚ್ಚಾಗಿ ಮಕ್ಕಳು.

ಹಾಗೆಂದು ಅಳುತ್ತಾ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅಧ್ಯಾಪಕರಾಗಿ ಮಾಡಬೇಕಾದ್ದು ಬೇಕಾದಷ್ಟಿದೆ. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಸರಿದವರನ್ನು, ಕ್ಲಾಸಿಗೆ ಬರುವುದು ನಿಲ್ಲಿಸಿದವರನ್ನು ಗಮನಿಸಿ. ಹೆಸರು ಹಿಡಿದು ಕರೆದು ಕೇಳಿ. ಸಾಯುವ ಮಾತು ಬಂದರೆ ಅಳುಕದೆ ನೇರವಾಗಿ ವಿಚಾರಿಸಿ. ಕೇಳಿದರೆ ಆ ಯೋಚನೆ ಹುಟ್ಟೀತು ಎಂಬ ಭಯ ಬೇಡ. ಒಬ್ಬರನ್ನೇ ಬಿಡಬೇಡಿ. 14416ಕ್ಕೆ, ಅಂದರೆ ಟೆಲಿ-ಮಾನಸ್‌ಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಂಬರು ಕೊಟ್ಟು ಕಳಿಸಬೇಡಿ, ಪಕ್ಕದಲ್ಲಿ ಕೂತು ಕರೆ ಮಾಡಿಸಿ. ಸ್ಟಾಫ್ ರೂಮಿನಲ್ಲಿ ಆ ಮಗುವಿನ ಹೆಸರು ಎತ್ತಬೇಡಿ, ಚಹಾ ಕುಡಿಯುತ್ತಾ ಕನಿಕರದಿಂದ ಕೂಡ.

ಈ ತಿಂಗಳ ವಿಭಾಗದ ಸಭೆಯಲ್ಲಿ ವಿಷಯ ಮಂಡಿಸಿ. ತಾವು ಅಂಕ ಕೊಡುವ ವಿದ್ಯಾರ್ಥಿಗಳಿಗೆ ವಿಭಾಗದ ಅಧ್ಯಾಪಕರು ಆಪ್ತಸಮಾಲೋಚಕರಾಗುವುದಿಲ್ಲ, ಅರ್ಹರನ್ನು ಕೂಡಲೇ ನೇಮಿಸಬೇಕು ಎಂದು ನಡಾವಳಿಯಲ್ಲಿ ಬರೆಸಿ, ಎಲ್ಲರೂ ಸಹಿ ಹಾಕಿ ಕುಲಸಚಿವರಿಗೆ ಕಳಿಸಿ. ಉತ್ತರ ಬಾರದಿದ್ದರೆ ಮುಂದಿನ ಸಭೆಯಲ್ಲೂ ಅದನ್ನೇ ಮೊದಲ ವಿಷಯವಾಗಿ ಇಡಿ.