ಗಡಿ ಅಂಶ ಬರೀ ಗೋಡೆಯಲ್ಲ

ಡಿಎನ್‌ಎಯ ಗಡಿ ಅಂಶಗಳು ಜೀನುಗಳ ನಡುವೆ ಸುಮ್ಮನೆ ನಿಂತ ಗೋಡೆಗಳು ಎಂಬ ವಾದ ಅಚ್ಚಿನಲ್ಲಿ ಮರುಕಳಿಸುತ್ತಲೇ ಇದೆ. ರಕ್ತಕಣಗಳ ಗ್ಲೋಬಿನ್ ಜೀನುಗಳಿಂದ ಸಿಕ್ಕಿರುವ ಪುರಾವೆ ಈ ವಾದಕ್ಕೆ ವಿರುದ್ಧವಾಗಿದೆ.

ಕೋಳಿಯ ಬೀಟಾ-ಗ್ಲೋಬಿನ್ ಜೀನುಗಳ ಸಾಲಿನ ತುದಿಯಲ್ಲಿ ಎಚ್‌ಎಸ್4 ಎಂಬ ಗಡಿ ಅಂಶವಿದೆ; ಇದು ಸುಮಾರು 1,200 ಬೇಸ್ ಜೋಡಿಗಳ ತುಣುಕು. 1993ರಲ್ಲಿ ಗ್ಯಾರಿ ಫೆಲ್ಸೆನ್‌ಫೆಲ್ಡ್ ಅವರ ತಂಡ ಇದನ್ನು ಮಾನವ ರಕ್ತಕ್ಯಾನ್ಸರಿನ ಕೆ562 ಕೋಶಗಳಲ್ಲಿ ಪರೀಕ್ಷಿಸಿತು. ಜೀನನ್ನು ಚುರುಕುಗೊಳಿಸುವ ಎನ್‌ಹಾನ್ಸರ್ ಮತ್ತು ಜೀನಿನ ಆರಂಭದ ಪ್ರೊಮೋಟರ್ ನಡುವೆ ತುಣುಕು ಇದ್ದಾಗ ಮಾತ್ರ ಚಟುವಟಿಕೆ ಗಣನೀಯವಾಗಿ ಕುಗ್ಗಿತು. ಅಂದರೆ ಪರಿಣಾಮ ನಿಂತಿರುವುದು ತುಣುಕಿನ ಸ್ಥಾನದ ಮೇಲೆ.

ಇದು ಮಾಡುವ ಕೆಲಸವೂ ಒಂದೇ ಅಲ್ಲ. ಎನ್‌ಹಾನ್ಸರನ್ನು ತಡೆಯಲು ಸಿಟಿಸಿಎಫ್ ಪ್ರೋಟೀನ್ ಬೇಕೆಂದು 1999ರಲ್ಲಿ ಗೊತ್ತಾಯಿತು. ಪಕ್ಕದ ಬಿಗಿದ ಕ್ರೊಮ್ಯಾಟಿನ್ (ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡ ಡಿಎನ್‌ಎ) ಹರಡದಂತೆ ತಡೆಯಲು ಸಿಟಿಸಿಎಫ್ ಬೇಕಿಲ್ಲ. ಅಲ್ಲಿ ಯುಎಸ್‌ಎಫ್ ಪ್ರೋಟೀನುಗಳು ಹಿಸ್ಟೋನ್‌ಗಳನ್ನು ಮಾರ್ಪಡಿಸುವ ಕಿಣ್ವಗಳನ್ನು ಕರೆತರುತ್ತವೆ. ಎರಡು ಕೆಲಸಗಳನ್ನು ಪ್ರಯೋಗದಲ್ಲಿ ಬೇರ್ಪಡಿಸಬಹುದು. ಜಡ ಗೋಡೆಯಲ್ಲಿ ಅದು ಅಸಾಧ್ಯ.

ತಪ್ಪು ಗ್ರಹಿಕೆಯ ಬೆಲೆ ಚಿಕಿತ್ಸೆಯಲ್ಲಿ ಕಾಣುತ್ತದೆ. ಬೀಟಾ-ಥಲಸೀಮಿಯಾ ರೋಗಿಯೊಬ್ಬರ ಜೀನ್ ಚಿಕಿತ್ಸೆಯ ವರದಿ 2010ರಲ್ಲಿ ಪ್ರಕಟವಾಯಿತು. ಜೀನನ್ನು ಕೋಶದೊಳಗೆ ಒಯ್ಯುವ ವೆಕ್ಟರಿನಲ್ಲಿ ರಕ್ಷಣೆಗೆಂದು ಇಟ್ಟಿದ್ದ ಎಚ್‌ಎಸ್4ರ ತಿರುಳು, ಎಚ್‌ಎಂಜಿಎ2 ಜೀನಿನೊಳಗೆ ಸೇರಿಕೊಂಡ ಕೋಶಗಳಲ್ಲಿ, ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಸುಪ್ತ ಸ್ಪ್ಲೈಸ್ ತಾಣವಾಗಿ ವರ್ತಿಸಿತು. ಆರ್‌ಎನ್‌ಎ ಮೊಟಕಾಗಿ, ಲೆಟ್-7 ಮೈಕ್ರೋಆರ್‌ಎನ್‌ಎಗಳ ಹಿಡಿತ ತಪ್ಪಿ, ಆ ಜೀನಿನ ಅಭಿವ್ಯಕ್ತಿ ಏರಿತು. ಆದ್ದರಿಂದ ಗಡಿ ಅಂಶವನ್ನು ಸಕ್ರಿಯ ನಿಯಂತ್ರಕವೆಂದೇ ಪರಿಗಣಿಸಿ, ಪ್ರತಿ ಸಂದರ್ಭದಲ್ಲೂ ಪರೀಕ್ಷಿಸಬೇಕು.